ಬಂದಿರಬಹುದು, ಬರಬಹುದಿತ್ತು

ದೊಡ್ಡಬಳ್ಳಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ



ಈ ದತ್ತಿಯನ್ನು ಇಟ್ಟವರು ತಮ್ಮ ತಾಯಿಯ ಹೆಸರಿನಲ್ಲಿ ಇಟ್ಟಿದ್ದಾರೆ. ಆ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ ಎಂದು ಈಗಷ್ಟೇ ಪರಿಚಯದ ಮಾತಿನಲ್ಲಿ ಕೇಳಿದಿರಿ. ‘ಭಾಷೆಯ ಬಗ್ಗೆ ಏನಾದರೂ ಹೇಳಿ ಮೇಷ್ಟ್ರೇ, ಯಾವ ಭಾಷೆ ಆದರೂ ಸರಿ’ ಎಂದು ದತ್ತಿ ಇಟ್ಟ ಮನೆಯವರು ನನಗೆ ಬಿಟ್ಟುಕೊಟ್ಟರು. ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದವನು ಕನ್ನಡದ ವೇದಿಕೆ ಹತ್ತಿದರೆ ಸ್ವಲ್ಪ ಮುಜುಗರ ಆಗುವುದು ಸಹಜ. ಬಿ.ಎಂ.ಶ್ರೀ ಕೂಡ ಇಂಗ್ಲಿಷ್ ಮೇಷ್ಟ್ರೇ ಆಗಿದ್ದರಲ್ಲ ಎಂದು ನೆನೆಸಿಕೊಂಡು ಧೈರ್ಯ ತಂದುಕೊಂಡಿದ್ದೇನೆ. ಅವರು ಕನ್ನಡಕ್ಕೆ ಮಾಡಿದ್ದು ದೊಡ್ಡದು. ನನ್ನದು ಒಂದೇ ಒಂದು ಗಂಟು ಬಿಚ್ಚುವ ಕೆಲಸ. ಅದೂ ನಾನೇ ಹಾಕಿದ ಗಂಟು.

ಆಗ ನಾನು ಇದೇ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿದ್ದೆ. ಕೊನೆಯ ಪೀರಿಯಡ್ ನನ್ನದು. ತೂಬಗೆರೆ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ಗಡಿಯಾರ ನೋಡಿ ನೋಡಿ ಕೊನೆಗೆ ಎದ್ದು ನಿಂತಳು. ‘ಸಾರ್, ಇಷ್ಟೊತ್ಗೆ ಬಸ್ ಹೋಗಿರ್ತದೆ’ ಅಂದಳು. ತರಗತಿಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಬೇಕು ಎಂಬುದು ನಾನೇ ಮಾಡಿದ್ದ ಕಾನೂನು. ‘ಇಂಗ್ಲಿಷಲ್ಲಿ ಹೇಳಮ್ಮ’ ಅಂದೆ. ಅವಳು ಒಂದು ಕ್ಷಣ ತಡೆದು, ‘ಸಾರ್, ದ ಬಸ್ ವುಡ್ ಹ್ಯಾವ್ ಗಾನ್’ ಅಂದಳು. ನಾನು ದೊಡ್ಡ ವಿದ್ವಾಂಸನ ಹಾಗೆ ಬೋರ್ಡಿನ ಮೇಲೆ ‘ಮಸ್ಟ್ ಹ್ಯಾವ್ ಗಾನ್’ ಎಂದು ಬರೆದು, ಹತ್ತು ನಿಮಿಷ ವಿವರಿಸಿ, ಆಮೇಲೆ ಅವಳನ್ನು ಬಿಟ್ಟೆ.

ಎಷ್ಟೋ ವರ್ಷದ ಮೇಲೆ ನನಗೆ ಹೊಳೆಯಿತು, ತಪ್ಪು ಮಾಡಿದ್ದು ಅವಳಿಗಿಂತ ನಾನು ಹೆಚ್ಚು ಎಂದು. ‘ಹೋಗಿರ್ತದೆ’ ಬೇರೆ, ‘ಹೋಗಿರಬೇಕು’ ಬೇರೆ. ‘ಹೋಗಿರ್ತದೆ’ ಅನ್ನುವವಳಿಗೆ ಬಸ್ಸಿನ ಸಮಯ ಗೊತ್ತು. ದಿನಾ ಅದೇ ಹೊತ್ತಿಗೆ ಹೊರಡುತ್ತದೆ, ಈವತ್ತೂ ಹೊರಟಿರುತ್ತದೆ. ಅವಳಿಗೆ ಬೇರೆ ಸುಳಿವು ಬೇಕಿಲ್ಲ. ‘ಹೋಗಿರಬೇಕು’ ಅನ್ನುವವನು ಸ್ಟ್ಯಾಂಡಿಗೆ ಬಂದು ನೋಡುತ್ತಾನೆ: ಜನ ಇಲ್ಲ, ಕಡಲೆಕಾಯಿ ಮಾರುವವನೂ ಬುಟ್ಟಿ ಎತ್ತಿಕೊಂಡು ಹೊರಟಿದ್ದಾನೆ, ಅಂದಮೇಲೆ ಬಸ್ಸು ಹೋಗಿರಬೇಕು. ಕಂಡದ್ದರಿಂದ ಕಾಣದ್ದನ್ನು ಊಹಿಸುವ ಮಾತು ಅದು. ಇಂಗ್ಲಿಷಿನಲ್ಲೂ ಈ ಎರಡಕ್ಕೆ ಎರಡು ರೂಪ ಇವೆ. ಸುಳಿವಿನಿಂದ ಊಹಿಸಿದರೆ ‘ಮಸ್ಟ್ ಹ್ಯಾವ್ ಗಾನ್’, ವಾಡಿಕೆಯ ಬಲದಿಂದ ಹೇಳಿದರೆ ‘ವಿಲ್ ಹ್ಯಾವ್ ಗಾನ್’. ಹುಡುಗಿ ‘ವಿಲ್’ ಅನ್ನುವ ಕಡೆ ‘ವುಡ್’ ಅಂದಳು, ಅದು ನಮ್ಮ ದೇಶದ ಇಂಗ್ಲಿಷಿನಲ್ಲಿ ಎಲ್ಲರ ಬಾಯಲ್ಲೂ ಬರುವ ಮಾತು. ಅವಳು ಒಂದು ಅಕ್ಷರದಷ್ಟು ಜಾರಿದಳು. ನಾನು ಅವಳು ಹೇಳಿದ ಅರ್ಥವನ್ನೇ ಅಳಿಸಿ ಬೇರೆ ಅರ್ಥ ಬರೆದೆ.

ಆವತ್ತಿನಿಂದ ಒಂದು ಅಭ್ಯಾಸ ಬೆಳೆಸಿಕೊಂಡೆ. ನಡೆದುಹೋದ ಸಂಗತಿಯನ್ನು ಖಚಿತವಾಗಿ ತಿಳಿಯದೆ ಮಾತಾಡುವಾಗ ನಮ್ಮ ಜನ ಏನೇನು ರೂಪ ಬಳಸುತ್ತಾರೆ ಎಂದು ಕಿವಿಗೊಟ್ಟು ಕೇಳುವುದು. ಹೋಟೆಲಿನಲ್ಲಿ, ಮದುವೆ ಮನೆಯಲ್ಲಿ, ಘಾಟಿ ದನಗಳ ಜಾತ್ರೆಯಲ್ಲಿ. ‘ಹೋಗಿರ್ತಾನೆ’ ಎಲ್ಲಕ್ಕಿಂತ ಗಟ್ಟಿ. ಅದರ ಕೆಳಗೆ ‘ಹೋಗಿರಬೇಕು’. ಅದರ ಕೆಳಗೆ ‘ಹೋಗಿರಬಹುದು’, ನಮ್ಮ ಬಾಯಲ್ಲಿ ‘ಹೋಗಿರ್ಬೋದು’. ಇನ್ನೂ ತೆಳುವಾದರೆ ‘ಹೋಗಿದ್ದಾನೇನೋ’. ನಂಬಿಕೆ ಇಲ್ಲ, ಆದರೂ ಅಲ್ಲಗಳೆಯುವ ಧೈರ್ಯವೂ ಇಲ್ಲ ಎಂದಾಗ ‘ಹೋಗಿದ್ರೂ ಹೋಗಿದ್ದಾನು’. ಇದನ್ನು ನಾನು ಇಂಗ್ಲಿಷಿಗೆ ತರಲು ಬಹಳ ಸಲ ಹೆಣಗಿದ್ದೇನೆ. ‘ಜಸ್ಟ್ ಪಾಸಿಬ್ಲಿ ಮೈಟ್ ಹ್ಯಾವ್’ ಎಂದೆಲ್ಲ ಪದ ಪೇರಿಸಿದರೂ ಅದರಲ್ಲಿರುವ ಹುಬ್ಬೇರಿಸುವಿಕೆ ಬರುವುದಿಲ್ಲ. ಇಲ್ಲ ಅನ್ನುವ ಕಡೆಗೆ ಹೋದರೆ ‘ಹೋಗಿರಲಿಕ್ಕಿಲ್ಲ’, ನಮ್ಮ ಹಳ್ಳಿಗಳಲ್ಲಿ ‘ಹೋಗಿರಕ್ಕಿಲ್ಲ’. ಕೊನೆಗೆ ‘ಹೋಗಿರಲಾರ’, ಇಂಗ್ಲಿಷಿನ ‘ಕಾಂಟ್ ಹ್ಯಾವ್ ಗಾನ್’.

ಇವುಗಳಲ್ಲಿ ‘ಇರಬೇಕು’ ಹೇಗೆ ಹುಟ್ಟುತ್ತದೆ ಎಂಬುದನ್ನು ಈ ಊರಿನ ನೇಕಾರರ ಮನೆಯಲ್ಲಿ ನೋಡಬೇಕು. ನನ್ನ ಒಬ್ಬ ಶಿಷ್ಯನ ಮನೆಗೆ ಊಟಕ್ಕೆ ಹೋಗಿದ್ದೆ. ಮುಂದಿನ ಕೋಣೆಯಲ್ಲಿ ನಾಲ್ಕು ಪವರ್‌ಲೂಮ್ ಓಡುತ್ತಿದ್ದವು. ಹೊರಗಿನವನಾದ ನನಗೆ ಕೇಳುತ್ತಿದ್ದದ್ದು ಬರೀ ಗದ್ದಲ. ಶಿಷ್ಯನ ತಂದೆ ಬಾಯಿಗಿಟ್ಟ ತುತ್ತನ್ನು ಅಲ್ಲೇ ನಿಲ್ಲಿಸಿ, ‘ಮೂರ್ನೇದ್ರಲ್ಲಿ ಎಳೆ ಕಡಿದಿರ್ಬೇಕು, ನೋಡೋ’ ಅಂದರು. ಹುಡುಗ ಎದ್ದು ಹೋದ. ಕಡಿದಿತ್ತು. ಕಿವಿಗೆ ಬಿದ್ದ ಒಂದು ಸಣ್ಣ ವ್ಯತ್ಯಾಸದಿಂದ ಗೋಡೆಯಾಚೆಯ ಎಳೆಯ ತನಕ ಅವರ ಬುದ್ಧಿ ಓಡಿದ ದಾರಿಯೇ ‘ಇರ್ಬೇಕು’. ಮಾರನೇ ದಿನ ತರಗತಿಯಲ್ಲಿ ‘ಅ ಥ್ರೆಡ್ ಮಸ್ಟ್ ಹ್ಯಾವ್ ಸ್ನ್ಯಾಪ್ಡ್’ ಎಂದು ಬರೆದಾಗ ಮೊದಲ ಸಲ ಎಲ್ಲರಿಗೂ ಒಮ್ಮೆಲೇ ಅರ್ಥವಾಯಿತು. ಅದಕ್ಕೂ ಮುಂಚೆ ನಾನು ಪಾಠಪುಸ್ತಕದ ಉದಾಹರಣೆ ಹೇಳುತ್ತಿದ್ದೆ: ಹುಲ್ಲುಹಾಸು ಒದ್ದೆಯಾಗಿದೆ, ರಾತ್ರಿ ಮಳೆ ಬಂದಿರಬೇಕು. ನಮ್ಮ ಮಕ್ಕಳಲ್ಲಿ ಹುಲ್ಲುಹಾಸು ನೋಡಿದವರು ಯಾರು?

ಈಗ ಗಂಟಿಗೆ ಬರೋಣ. ಮಕ್ಕಳೇ, ಸ್ವಲ್ಪ ಗಮನ ಇಡಿ, ಇದು ಪರೀಕ್ಷೆಗೂ ಬರುತ್ತದೆ.

‘ಬಂದಿರಬಹುದು’ ಎಂಬ ಪದವನ್ನು ಬಿಡಿಸಿದರೆ ಮೂರು ತುಂಡು: ಬಂದು, ಇರ, ಬಹುದು. ಇದನ್ನು ಹಿಂದಿನಿಂದ ಮುಂದಕ್ಕೆ ಓದಿ. ಬಹುದು ಅಂದರೆ ‘ಮೇ’. ಇರ ಅಂದರೆ ‘ಹ್ಯಾವ್’. ಬಂದು ಅಂದರೆ ‘ಕಮ್’. ‘ಮೇ ಹ್ಯಾವ್ ಕಮ್’. ಇಂಗ್ಲಿಷಿನವರು ನಮ್ಮ ಪದವನ್ನು ಕನ್ನಡಿಯಲ್ಲಿ ನೋಡಿದ ಹಾಗಿದೆ. ಬೇಕು, ಇರ, ಬಂದು: ‘ಮಸ್ಟ್ ಹ್ಯಾವ್ ಕಮ್’. ಇರು ಹೇಗೆ ‘ಹ್ಯಾವ್’ ಆದೀತು ಎಂದು ಕೇಳುವಿರಿ. ಅವರಿಗೆ ‘ಐ ಹ್ಯಾವ್ ಅ ಫೀಲ್ಡ್’, ನಮಗೆ ‘ನನಗೆ ಹೊಲ ಇದೆ’. ಅವರು ಹಿಡಿದುಕೊಳ್ಳುವ ಕಡೆ ನಮ್ಮದು ಬರೀ ಇರುವುದು. ಎರಡು ಭಾಷೆಗಳೂ ತಮ್ಮ ತಮ್ಮ ಆ ಕ್ರಿಯಾಪದವನ್ನೇ ಮುಗಿದ ಕೆಲಸಕ್ಕೆ ಊರುಗೋಲಾಗಿ ಕೊಟ್ಟಿವೆ. ಇದನ್ನು ತಿಳಿದ ಹುಡುಗ ‘ಮೇ ಹ್ಯಾವ್ ಕೇಮ್’ ಎಂದು ಬರೆಯುವುದಿಲ್ಲ. ನಾವು ‘ಬಂದನಿರಬಹುದು’ ಅನ್ನುವುದಿಲ್ಲವಲ್ಲ, ಹಾಗೆಯೇ.

ಇಷ್ಟರವರೆಗೆ ಕನ್ನಡಿ ಸರಿಯಾಗಿದೆ. ಬಿರುಕು ಬಿಡುವುದು ‘ಬರಬಹುದಿತ್ತು’ ಎಂಬಲ್ಲಿ.

‘ಬಂದಿರಬಹುದು’ ಅಂದರೆ ಬಂದನೋ ಇಲ್ಲವೋ ನನಗೆ ಗೊತ್ತಿಲ್ಲ. ‘ಬರಬಹುದಿತ್ತು’ ಅಂದರೆ ಬರಲಿಲ್ಲ, ಅದು ಗೊತ್ತು, ಗೊತ್ತಿರುವುದೇ ಸಂಕಟ. ಒಂದರಲ್ಲಿ ಇರುವುದು ಅಜ್ಞಾನ, ಇನ್ನೊಂದರಲ್ಲಿ ಇರುವುದು ಕೊರಗು. ಎರಡಕ್ಕೂ ಸಾಮಗ್ರಿ ಅದೇ: ಬರು, ಇರು, ಬಹುದು. ಬದಲಾದದ್ದು ಇರು ನಿಂತ ಜಾಗ. ‘ಇರು’ ಬಹುದುವಿನ ಒಳಗಡೆ ಕೂತರೆ ಸಂದೇಹ, ಹೊರಗಡೆ ‘ಇತ್ತು’ ಆಗಿ ನಿಂತರೆ ಕೈತಪ್ಪಿದ ಅವಕಾಶ. ಬೇಕು ಎಂಬುದರಲ್ಲೂ ಹೀಗೆಯೇ. ‘ಬಂದಿರಬೇಕು’ ಊಹೆ, ‘ಬರಬೇಕಿತ್ತು’ ಆಕ್ಷೇಪಣೆ. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿಯೂ ಜೀವಮಾನದಲ್ಲಿ ಒಮ್ಮೆಯೂ ಇವೆರಡನ್ನು ಅದಲುಬದಲು ಮಾಡಿರಲಾರರು.

ಇಂಗ್ಲಿಷಿನವರು ಇಲ್ಲಿ ಒಂದೇ ಚೀಲಕ್ಕೆ ಎರಡು ಕಾಳು ತುಂಬುತ್ತಾರೆ. ‘ಹೀ ಕುಡ್ ಹ್ಯಾವ್ ಕಮ್’ ಎಂದರೆ ಬಂದಿರಬಹುದು ಎಂದೂ ಆಗುತ್ತದೆ, ಬರಬಹುದಿತ್ತು ಎಂದೂ ಆಗುತ್ತದೆ. ‘ಮೈಟ್ ಹ್ಯಾವ್’ ಎಂಬುದಕ್ಕೂ ಇದೇ ಇಬ್ಬಗೆ. ‘ಮೇ ಹ್ಯಾವ್’ ಮಾತ್ರ ಹಳೆಯ ಶಿಸ್ತಿನವರ ಬರವಣಿಗೆಯಲ್ಲಿ ಬರೀ ಸಂದೇಹಕ್ಕೆ ಮೀಸಲು. ಈಗೀಗ ಪತ್ರಿಕೆಗಳು ಅದನ್ನೂ ಕಲಬೆರಕೆ ಮಾಡುತ್ತಿವೆ.

ದೇವನಹಳ್ಳಿಯನ್ನು ತೆಗೆದುಕೊಳ್ಳಿ. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆ ಅದು. ಮೈಸೂರಿನ ಪಡೆ ಅದಕ್ಕೆ 1749ರಲ್ಲಿ ಮುತ್ತಿಗೆ ಹಾಕಿದಾಗ ಸವಾರನಾಗಿ ಬಂದಿದ್ದ ಹೈದರ್ ಅಲಿ ದಳವಾಯಿ ನಂಜರಾಜಯ್ಯನ ಕಣ್ಣಿಗೆ ಬಿದ್ದದ್ದು ಅಲ್ಲೇ. ಆ ಮುತ್ತಿಗೆಯಲ್ಲಿ ಅವನು ಸಾಯಬಹುದಿತ್ತು. ಸತ್ತಿದ್ದರೆ ಈ ಸೀಮೆಯ ಚರಿತ್ರೆಯೇ ಬೇರೆ. ಈ ಮಾತನ್ನು ‘ಹೈದರ್ ಕುಡ್ ಹ್ಯಾವ್ ಡೈಡ್ ಅಟ್ ದೇವನಹಳ್ಳಿ’ ಎಂದು ಇಂಗ್ಲಿಷಿನಲ್ಲಿ ಬರೆದು ಒಬ್ಬ ಒಳ್ಳೆಯ ವಿದ್ಯಾರ್ಥಿಗೆ ಕನ್ನಡಕ್ಕೆ ಅನುವಾದಿಸಲು ಕೊಟ್ಟೆ. ಅವನು ‘ಹೈದರನು ದೇವನಹಳ್ಳಿಯಲ್ಲಿ ಸತ್ತಿರಬಹುದು’ ಎಂದು ಬರೆದು ತಂದ! ಹೈದರ್ ತೀರಿಕೊಂಡದ್ದು 1782ರಲ್ಲಿ, ಚಿತ್ತೂರಿನ ಹತ್ತಿರದ ಬಿಡಾರದಲ್ಲಿ. ವ್ಯಾಕರಣದ ಪ್ರಕಾರ ಹುಡುಗನ ಅನುವಾದದಲ್ಲಿ ತಪ್ಪಿಲ್ಲ. ಚರಿತ್ರೆ ಗೊತ್ತಿಲ್ಲದಿದ್ದರೆ ಆ ಇಂಗ್ಲಿಷ್ ವಾಕ್ಯ ಎರಡು ಕಡೆಗೂ ತಿರುಗುತ್ತದೆ. ಕನ್ನಡ ವಾಕ್ಯ ತಿರುಗುವುದಿಲ್ಲ.

ಇದು ಪಾಠದ ಮಾತಾಯಿತು. ಕೋರ್ಟಿನಲ್ಲಿ ಇದೇ ಮಾತು ಬೇರೆ ಬಣ್ಣ ತಾಳುತ್ತದೆ. ನಮ್ಮ ತಾಲ್ಲೂಕು ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವರು ಕನ್ನಡದಲ್ಲಿ ಹೇಳುತ್ತಾರೆ. ಮೊಕದ್ದಮೆ ಮೇಲಕ್ಕೆ ಹೋದರೆ ಇಂಗ್ಲಿಷಾಗುತ್ತದೆ. ‘ಅವನು ಹಿತ್ತಲ ಬಾಗಿಲಿಂದ ಓಡಿಹೋಗಿರಬಹುದು’ ಮತ್ತು ‘ಓಡಿಹೋಗಬಹುದಿತ್ತು’ ಎರಡನ್ನೂ ಅವಸರದ ಅನುವಾದಕ ‘ಕುಡ್ ಹ್ಯಾವ್ ರನ್ ಅವೇ’ ಎಂದು ಬರೆದರೆ, ಒಂದರಲ್ಲಿ ಓಡಿಹೋದನೆಂಬ ಅನುಮಾನ, ಇನ್ನೊಂದರಲ್ಲಿ ಓಡದೆ ನಿಂತನೆಂಬ ಸಮರ್ಥನೆ. ಆಸಾಮಿಯ ಹಣೆಬರಹ ಅನುವಾದಕನ ಕೈಯಲ್ಲಿ. ವಕೀಲ ಮಿತ್ರರು ಯಾರಾದರೂ ಇದ್ದರೆ ಆಮೇಲೆ ನನ್ನನ್ನು ಅಡ್ಡ ಸವಾಲಿಗೆ ಕರೆಯಬಹುದು.

ಇಂಗ್ಲಿಷಿಗೆ ಈ ಗತಿ ಯಾಕೆ ಬಂತು? ಅದಕ್ಕೆ ಕಾರಣ ಇದೆ. ಹಿಂದೆ ‘ಮೈಟ್’ ಎಂಬುದು ‘ಮೇ’ಯ ಭೂತಕಾಲ, ‘ಕುಡ್’ ಎಂಬುದು ‘ಕ್ಯಾನ್’ನ ಭೂತಕಾಲ, ‘ಶುಡ್’ ಎಂಬುದು ‘ಶಲ್’ನ ಭೂತಕಾಲ. ‘ಮಸ್ಟ್’ ಅಂತೂ ಹುಟ್ಟಿದ್ದೇ ಭೂತಕಾಲವಾಗಿ, ಅದರ ವರ್ತಮಾನ ರೂಪ ಬಳಕೆಯಿಂದಲೇ ಬಿದ್ದುಹೋಯಿತು. ಕಾಲ ಕಳೆದಂತೆ ಈ ಭೂತ ರೂಪಗಳೆಲ್ಲ ಈಗಿನ ಸಂದೇಹ, ಈಗಿನ ವಿನಯ, ಈಗಿನ ಕರ್ತವ್ಯ ಹೇಳಲು ಹೊರಟವು. ಹಾಗೆ ಹೊರಟ ಮೇಲೆ ನಿಜವಾದ ಭೂತಕಾಲ ಹೇಳಬೇಕಾದಾಗ ಅವುಗಳಿಗೆ ಹಚ್ಚಲು ಪ್ರತ್ಯಯವೇ ಉಳಿಯಲಿಲ್ಲ. ‘ಬಹುದು’ವಿಗೆ ನಾವು ‘ಇತ್ತು’ ಹಚ್ಚುತ್ತೇವೆ. ಅವರು ‘ಮೈಟ್’ಗೆ ಏನು ಹಚ್ಚಬೇಕು? ಹಾಗಾಗಿ ಭೂತಕಾಲದ ಹೊರೆಯನ್ನೆಲ್ಲ ಕೆಳಗಿನ ಕ್ರಿಯಾಪದದ ಮೇಲೆ, ‘ಹ್ಯಾವ್’ನ ಹೆಗಲ ಮೇಲೆ ಇಟ್ಟರು. ಸಂದೇಹದ ಹೊರೆಯೂ ಅದಕ್ಕೇ, ಕೊರಗಿನ ಹೊರೆಯೂ ಅದಕ್ಕೇ.

ಹಾಗಂತ ನಮ್ಮದು ಪೂರ್ತಿ ಬೇರೆ ಜಾತಿ ಎಂದು ಬೀಗಬೇಕಾಗಿಲ್ಲ. ಪದಗಳ ಬೇರು ಕೆದಕಿದರೆ ಎರಡು ಮನೆಯ ಅಡುಗೆಯೂ ಒಂದೇ ಥರ. ಅವರ ‘ಕ್ಯಾನ್’ ಮೊದಲು ‘ತಿಳಿ’ ಎಂಬ ಅರ್ಥದ್ದು, ನಮ್ಮ ‘ಮಾಡಬಲ್ಲ’ದಲ್ಲಿ ಇರುವ ಬಲ್ಲವೂ ತಿಳಿವಳಿಕೆಯದೇ. ‘ಮೇ’ ಮೊದಲು ಶಕ್ತಿಯ ಮಾತಾಗಿತ್ತು. ನಮ್ಮ ‘ಬಹುದು’ ಬರು ಧಾತುವಿನ ‘ಬಪ್ಪುದು’ ಸವೆದು ಆದದ್ದು, ಅಂದರೆ ‘ಬರುವುದು’. ಬಂದಿರಬಹುದು ಎನ್ನುವಾಗ ನಾವು ಬರುವುದನ್ನು ಎರಡು ಸಲ ಹೇಳುತ್ತಿದ್ದೇವೆ, ಗೊತ್ತಿಲ್ಲದೆ. ‘ಬೇಕು’ ಹಳಗನ್ನಡದ ‘ಬೇೞ್ಕುಂ’, ಬಯಕೆಯ ಮಾತು. ಅದರ ಕೊನೆಯ ಕುಂ ಪ್ರತ್ಯಯವನ್ನು ನಮ್ಮ ಸುತ್ತಲ ಶಾಸನಗಳಲ್ಲಿ ನೋಡಬಹುದು. ಬಿಟ್ಟ ದತ್ತಿಯನ್ನು ಅಳಿದವನು ಪಾತಕನ್ ‘ಅಕ್ಕುಂ’ ಎಂದು ಶಾಪ ಹಾಕುತ್ತಾರಲ್ಲ, ಅಲ್ಲಿಯ ಕುಂ. ದತ್ತಿ ಉಪನ್ಯಾಸದಲ್ಲಿ ಈ ಮಾತು ಬಂದದ್ದು ಆಕಸ್ಮಿಕ, ದತ್ತಿಯ ಲೆಕ್ಕ ಇಡುವವರು ಬೇಜಾರು ಮಾಡಿಕೊಳ್ಳಬಾರದು.

ಇದಕ್ಕಿಂತ ನನಗೆ ಬೆರಗು ಹುಟ್ಟಿಸಿದ್ದು ‘ಬಂದಾನು’, ‘ಬಿದ್ದೀಯೆ’, ‘ಹೋದೀತು’ ಎಂಬ ರೂಪಗಳು. ಶಾಲೆಯ ವ್ಯಾಕರಣದಲ್ಲಿ ಇದನ್ನು ಸಂಭಾವನಾರ್ಥಕ ಎಂದು ಓದಿದ್ದೀರಿ. ಕಿಟೆಲ್ ತಮ್ಮ 1903ರ ವ್ಯಾಕರಣದಲ್ಲಿ ಇದನ್ನು ಭವಿಷ್ಯತ್ತಿನ ಒಂದು ಬಗೆಯಾಗಿ ಲೆಕ್ಕ ಹಿಡಿದರು. ಆದರೆ ರೂಪ ನೋಡಿ. ಬಂದಾನು ಎಂಬುದರಲ್ಲಿ ಇರುವುದು ‘ಬಂದ’, ಬಿದ್ದೀಯೆ ಎಂಬುದರಲ್ಲಿ ಇರುವುದು ‘ಬಿದ್ದ’. ಇನ್ನೂ ಆಗದ ಸಂಗತಿ, ಆಗದಿದ್ದರೆ ಸಾಕು ಎಂದು ಹೆದರುವ ಸಂಗತಿ, ಅದಕ್ಕೆ ತೊಡಿಸಿರುವುದು ಆದ ಸಂಗತಿಯ ಅಂಗಿ. ಮರ ಹತ್ತಿದ ಮಗುವಿಗೆ ಅಜ್ಜಿ ‘ಜೋಕೆ, ಬಿದ್ದೀಯೆ’ ಅನ್ನುವಾಗ ಅವಳ ಕಣ್ಣಿಗೆ ಮಗು ಆಗಲೇ ಬಿದ್ದು ಆಗಿದೆ. ‘ಬಂದರೆ’, ‘ಹೋದರೆ’ ಎಂಬ ಷರತ್ತಿನ ರೂಪಗಳೂ ಭೂತಕಾಲದ ಬುಡದಿಂದಲೇ ಚಿಗುರಿದವು. ಇಂಗ್ಲಿಷಿನ ಮೈಟ್, ಕುಡ್, ವುಡ್ ಕೂಡ ಭೂತಕಾಲದ ಅಂಗಿ ತೊಟ್ಟ ಸಂದೇಹಗಳು ಎಂದು ಈಗಷ್ಟೇ ಹೇಳಿದೆ. ಎಲ್ಲಿಯ ಟೇಮ್ಸ್, ಎಲ್ಲಿಯ ಅರ್ಕಾವತಿ! ಕೈಗೆ ಸಿಗದ ಹಳೆಯದೂ ಕೈಗೆ ಸಿಗದ ಅನುಮಾನವೂ ಮನುಷ್ಯನಿಗೆ ಒಂದೇ ದೂರದಲ್ಲಿ ಕಾಣುತ್ತವೋ ಏನೋ. ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಪುಸ್ತಕಕ್ಕೇ ಹೆಸರಿಟ್ಟರು. ಕನ್ನಡದ ಇಂಗ್ಲಿಷ್ ಮೇಷ್ಟ್ರಿಗೆ ಅಂಥ ವ್ಯಾಕರಣ ಇನ್ನೂ ಹೆಚ್ಚು ಬೇಕು.

ಅರ್ಕಾವತಿಯ ಹೆಸರು ಬಂತು. ಅದರ ಮೂಲಕವೇ ಇಂಗ್ಲಿಷಿನ ಪರವಾಗಿಯೂ ಒಂದು ಮಾತು ಹೇಳಬೇಕು. ನಂದಿಬೆಟ್ಟದಲ್ಲಿ ಹುಟ್ಟಿ, ನಮ್ಮ ನಾಗರಕೆರೆ ತುಂಬಿಸಿ, ಹೆಸರಘಟ್ಟಕ್ಕೆ ಇಳಿಯುತ್ತಿದ್ದ ಹೊಳೆ. ಹೆಸರಘಟ್ಟದ ಜಲಾಶಯದಿಂದ 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿಯಲ್ಲಿ ನೀರು ಹೋಯಿತು ಎಂದರೆ ಈಗಿನ ಮಕ್ಕಳು ನಗುತ್ತಾರೆ. ನನ್ನ ವಯಸ್ಸಿನವರು ‘ಆಗ ಹೊಳೇಲಿ ಈಜಬಹುದಿತ್ತು’ ಅನ್ನುತ್ತೇವೆ. ಇಲ್ಲಿಯ ‘ಬಹುದಿತ್ತು’ ಕೈತಪ್ಪಿದ ಅವಕಾಶ ಅಲ್ಲ. ಈಜಿದೆವು, ಚೆನ್ನಾಗಿಯೇ ಈಜಿದೆವು. ‘ನೀನು ನಿನ್ನೆ ಬಂದಿದ್ದರೆ ಈಜಬಹುದಿತ್ತು’ ಎಂಬುದೂ ಅದೇ ‘ಬಹುದಿತ್ತು’, ಆದರೆ ಇಲ್ಲಿ ಯಾರೂ ಈಜಲಿಲ್ಲ. ಕನ್ನಡ ಇವೆರಡನ್ನು ಬೇರೆ ಮಾಡುವುದಿಲ್ಲ, ಸಂದರ್ಭ ನೋಡಿಕೊ ಎಂದು ಸುಮ್ಮನಾಗುತ್ತದೆ. ಇಂಗ್ಲಿಷ್ ಬೇರೆ ಮಾಡುತ್ತದೆ: ಮೊದಲನೆಯದು ‘ಕುಡ್ ಸ್ವಿಮ್’, ಎರಡನೆಯದು ‘ಕುಡ್ ಹ್ಯಾವ್ ಸ್ವಮ್’. ಅದೇ ರೀತಿ ‘ನೀವು ಬರಬೇಕಾಗಿರಲಿಲ್ಲ’ ಎಂಬ ನಮ್ಮ ಮಾತು. ಬಂದವರಿಗೂ ಹೇಳಬಹುದು, ಬಾರದೆ ಉಳಿದವರಿಗೂ ಹೇಳಬಹುದು. ‘ಯು ನೀಡಂಟ್ ಹ್ಯಾವ್ ಕಮ್’ ಎಂದರೆ ಬಂದವರಿಗೆ ಮಾತ್ರ. ‘ಡಿಡಂಟ್ ನೀಡ್ ಟು ಕಮ್’ ಎಂದರೆ ಬಂದರೋ ಬಿಟ್ಟರೋ ತಿಳಿಯದು. ಇಂಥ ಕಡೆ ಅವರ ಸೂಕ್ಷ್ಮಕ್ಕೆ ತಲೆಬಾಗಬೇಕು.

ಆದರೆ ‘ಅಂತೆ’ ಅವರಲ್ಲಿ ಇಲ್ಲ. ಈ ಊರಿಗೆ ಬಳ್ಳಾಪುರ ಎಂಬ ಹೆಸರು ಬಂದ ಕಥೆ ನಿಮಗೆಲ್ಲ ಗೊತ್ತು. ಹಸುವೊಂದು ದಿನಾ ಹುತ್ತದ ಮೇಲೆ ಒಂದು ಬಳ್ಳ ಹಾಲು ಸುರಿಸುತ್ತಿತ್ತಂತೆ, ಅದನ್ನು ಕಂಡವರು ಇಲ್ಲಿ ಊರು ಕಟ್ಟಿದರಂತೆ. ‘ಅಂತೆ’ ಅಂದ ಕೂಡಲೇ ಹೇಳುವವನು ಜವಾಬ್ದಾರಿಯಿಂದ ಕೈ ತೊಳೆದುಕೊಂಡ. ಹಸುವೂ ಇರಲಿ, ಕಥೆಯೂ ಇರಲಿ, ನನ್ನನ್ನು ಕೇಳಬೇಡಿ. ಕೆಲವರು ಇದು ಬಲ್ಲಾಳರ ಹೆಸರಿನಿಂದ ಬಂದ ಬಲ್ಲಾಳಪುರ ಇರಬೇಕು ಅನ್ನುತ್ತಾರೆ. ಅದು ಕಥೆಯಲ್ಲ, ಊಹೆ. ಊಹೆಗೆ ‘ಇರಬೇಕು’, ಕಥೆಗೆ ‘ಅಂತೆ’. ನಮ್ಮ ಹಿರಿಯರು ಈ ಎರಡು ಚೀಟಿಗಳನ್ನು ಸರಿಯಾಗಿ ಅಂಟಿಸುತ್ತಿದ್ದರು. ಈಗಿನ ಸ್ಥಳಪುರಾಣ ಬರೆಯುವವರ ಮೇಲೆ ನನಗೆ ಇರುವ ತಕರಾರು ಇದೇ.

ಹೇಗೆ ನಡೆಯುತ್ತದೆ ನೋಡಿ. ನೆಲಮಂಗಲ ತಾಲ್ಲೂಕಿನ ಮಣ್ಣೆ ಗಂಗರ ಮಾನ್ಯಪುರ. ಗಂಗರ ದೊರೆ ಶ್ರೀಪುರುಷ ಅಲ್ಲಿ ನೆಲೆಸಿದ್ದ ಎಂಬುದಕ್ಕೆ ತಾಮ್ರಶಾಸನಗಳ ಆಧಾರ ಇದೆ, ಅಲ್ಲಿ ‘ಬಹುದು’ ಬೇಡ. ಅಲ್ಲಿಯ ಕಪಿಲೇಶ್ವರ ದೇವಾಲಯದ ಮುಂದೆ ನಿಂತು ಒಬ್ಬ ಲೇಖಕ, ಇದನ್ನು ಇಂಥ ದೊರೆ ಕಟ್ಟಿಸಿರಬಹುದು ಎಂದು ಬರೆಯುತ್ತಾನೆ. ತಪ್ಪಿಲ್ಲ. ಅವನ ಪುಸ್ತಕ ನೋಡಿ ಬರೆಯುವ ಎರಡನೆಯವನಿಗೆ ‘ಬಹುದು’ ಸಪ್ಪೆ ಎನಿಸಿ ‘ಕಟ್ಟಿಸಿರಬೇಕು’ ಆಗುತ್ತದೆ. ಮೂರನೆಯವನು ಜಾತ್ರೆಯ ಆಹ್ವಾನ ಪತ್ರಿಕೆಗೆ ಬರೆಯುವವನು, ಅವನಿಗೆ ಜಾಗ ಕಡಿಮೆ, ‘ಕಟ್ಟಿಸಿದನು’. ನಾಲ್ಕನೆಯವನು ಅದಕ್ಕೆ ಇಸವಿ ಸೇರಿಸಿ ಬೋರ್ಡ್ ಹಾಕುತ್ತಾನೆ. ಹೊಸ ಶಾಸನ ಯಾವುದೂ ಸಿಕ್ಕಿಲ್ಲ, ಹೊಸ ಅಗೆತ ಯಾವುದೂ ನಡೆದಿಲ್ಲ. ಸವೆದದ್ದು ಬರೀ ಕ್ರಿಯಾಪದದ ಬಾಲ. ಈ ಜಿಲ್ಲೆಯ ಶಾಸನಗಳು ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದಲ್ಲಿ 1905ರಲ್ಲೇ ಅಚ್ಚಾದವು. ಬೋರ್ಡ್ ಬರೆಸುವವರು ಒಮ್ಮೆ ಅದನ್ನು ತೆರೆದು ನೋಡಬಹುದಿತ್ತು. ಯಾವ ‘ಬಹುದಿತ್ತು’ ಎಂದು ನೀವೇ ನಿರ್ಧರಿಸಿ.

ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ. ಆ ಜಾಗದಲ್ಲಿ ಕಂಬಗಳ ಒಂದು ಸಣ್ಣ ಮಂಟಪವೂ ಕಲ್ಲಿನ ಫಲಕವೂ ಇವೆ. ಹುಟ್ಟಿದ ದಿನ ಮಾತ್ರ ಕೆಲವು ಪುಸ್ತಕಗಳಲ್ಲಿ 1750ರ ನವೆಂಬರ್ 20, ಕೆಲವುಗಳಲ್ಲಿ 1751ರ ಡಿಸೆಂಬರ್ 1. ಎರಡೂ ಬಗೆಯ ಪುಸ್ತಕಗಳು ‘ಹುಟ್ಟಿದನು’ ಎಂದೇ ಗಟ್ಟಿಯಾಗಿ ಬರೆಯುತ್ತವೆ. ಒಬ್ಬರಾದರೂ ‘ಹುಟ್ಟಿರಬೇಕು’ ಎಂದರೆ ಅವರ ಗಂಟೇನು ಹೋಗುತ್ತಿತ್ತು? ಇದಕ್ಕಿಂತ ನಮ್ಮ ಹುಡುಗರೇ ವಾಸಿ. ಹೊಸಕೋಟೆಯನ್ನು 1595ರಲ್ಲಿ ಸುಗಟೂರಿನ ತಮ್ಮೇಗೌಡ ಕಟ್ಟಿಸಿದ ಎಂದು ಹೇಳುತ್ತಿದ್ದಾಗ ಒಬ್ಬ ಕೈ ಎತ್ತಿದ. ‘ಹೊಸಕೋಟೆ ಅಂದ್ಮೇಲೆ ಎಲ್ಲೋ ಒಂದು ಹಳೇಕೋಟೆ ಇದ್ದಿರ್ಬೇಕಲ್ವಾ ಸಾರ್?’ ಸುಳಿವು ಸಣ್ಣದು, ಊಹೆಯ ರೂಪ ಸರಿಯಾದದ್ದು. ಅವನಿಗೆ ಇಂಗ್ಲಿಷಿನ ‘ಮಸ್ಟ್ ಹ್ಯಾವ್ ಬೀನ್’ ಕಲಿಸಲು ನನಗೆ ಅರ್ಧ ನಿಮಿಷ ಸಾಕಾಯಿತು.

ಉಪಾಧ್ಯಾಯ ಮಿತ್ರರಿಗೆ ಒಂದೇ ಮಾತು. ಬೋರ್ಡಿನ ಮೇಲೆ ಮೋಡಲ್ ಕೂಡಿಸು ಹ್ಯಾವ್ ಕೂಡಿಸು ವಿ-ತ್ರೀ ಎಂದು ಲೆಕ್ಕದ ಸೂತ್ರದ ಹಾಗೆ ಬರೆಯುತ್ತೇವಲ್ಲ, ಅದನ್ನು ಬರೆಯುವ ಮುಂಚೆ ಮಗುವಿನ ಬಾಯಲ್ಲಿ ಕನ್ನಡ ವಾಕ್ಯ ಬರಿಸಿ. ‘ಇರು’ ಒಳಗಿದೆಯೋ ‘ಇತ್ತು’ ಹೊರಗಿದೆಯೋ ಕೇಳಿ. ಒಳಗಿದ್ದರೆ ‘ಮೇ ಹ್ಯಾವ್’, ಹೊರಗಿದ್ದು ಕೆಲಸ ಆಗದೆ ಉಳಿದಿದ್ದರೆ ‘ಕುಡ್ ಹ್ಯಾವ್’ ಎಂದು ಆರಂಭಕ್ಕೆ ರೂಢಿ ಮಾಡಿಸಿ. ಇಂಗ್ಲಿಷ್ ಕಲಿಸುವಾಗ ಕನ್ನಡ ಬಾಯಿಗೆ ಬರಬಾರದು ಎಂದು ತರಬೇತಿಗಳಲ್ಲಿ ನಮಗೆ ಹೇಳುತ್ತಿದ್ದರು. ನಾನೂ ಆ ಕಾನೂನು ಮಾಡಿದವನೇ ಎಂದು ಆಗಲೇ ಒಪ್ಪಿಕೊಂಡೆ.

ನಮ್ಮ ಹುಡುಗರಿಗೆ ಈಗ ಇಂಗ್ಲಿಷ್ ಬರುವುದಿಲ್ಲ ಎಂದಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಲ ಹಳ್ಳಿಯವರಿಗೆ ಇಂಗ್ಲಿಷ್ ಅನ್ನ ಕೊಡುವ ಭಾಷೆಯಾಯಿತು. ಅವರ ಬಾಯಲ್ಲಿ ನಾನು ಹೆಚ್ಚು ಕೇಳುವುದು ‘ಮೈಟ್ ಬಿ’. ‘ಮೈಟ್ ಬಿ ಹೀ ವೆಂಟ್’, ‘ಮೈಟ್ ಬಿ ಇಟ್ ರೇನ್ಡ್’. ಇರಬಹುದು ಎಂಬ ನಮ್ಮ ಪದವನ್ನು ಹಾಗೇ ಕಿತ್ತು ವಾಕ್ಯದ ತಲೆಗೆ ಕಟ್ಟಿದ್ದಾರೆ. ವ್ಯಾಕರಣ ಪಂಡಿತರು ಮೂಗು ಮುರಿಯುತ್ತಾರೆ. ಆದರೆ ಇಂಗ್ಲಿಷಿನ ‘ಮೇಬಿ’ ಕೂಡ ಹೀಗೆಯೇ ಹುಟ್ಟಿದ್ದು, ‘ಇಟ್ ಮೇ ಬಿ’ ಎಂಬುದರ ತಲೆ ಬಾಲ ಕತ್ತರಿಸಿ. ಅದರ ಬಗ್ಗೆ ನನಗೆ ತಕರಾರಿಲ್ಲ. ನನ್ನನ್ನು ಕಾಡಿದ್ದು ಬೇರೆ.

ನಿಲ್ದಾಣಕ್ಕೆ ಸುಮಾರು 4,000 ಎಕರೆ ಹೋಯಿತು. ಆ ಕಡೆಯ ಮುದುಕರು ಈಗಲೂ ಜಗಲಿಯ ಮೇಲೆ ಕೂತು ‘ಕೊಡ್ದೇ ಇರ್ಬೋದಿತ್ತು’ ಅನ್ನುತ್ತಾರೆ. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಮೇಲೆ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ 1,777 ಎಕರೆಯ ಸ್ವಾಧೀನ ಕೈಬಿಟ್ಟಿತು. ಅವರು ಹೇಳುವುದು ‘ಹೋಗ್ಬೋದಿತ್ತು’. ಹೋಗಲಿಲ್ಲ. ಎರಡು ಊರಿನ ನಡುವೆ ಬಹಳ ದೂರವಿಲ್ಲ. ಎರಡೂ ಕಡೆ ‘ಬಹುದಿತ್ತು’.

ನಿಲ್ದಾಣದಲ್ಲಿ ಕೆಲಸಕ್ಕಿರುವ ನನ್ನ ಹಳೆಯ ಶಿಷ್ಯನೊಬ್ಬ ಹೋದ ತಿಂಗಳು ಸಿಕ್ಕಿದ್ದ. ಒಬ್ಬ ವಿದೇಶಿ ಪ್ರಯಾಣಿಕ ಕಿಟಕಿಯ ಹತ್ತಿರ ನಿಂತು, ಇದೆಲ್ಲ ಮೊದಲು ಹೊಲ ಆಗಿತ್ತೇ ಎಂದು ಅವನನ್ನು ಕೇಳಿದನಂತೆ. ‘ನೀನೇನಂದೆ?’ ಎಂದೆ.

‘ಮೈಟ್ ಬಿ, ಸರ್ ಅಂದೆ ಸಾರ್’ ಅಂದ.

ಅವನ ತಾತನ ಎರಡೂವರೆ ಎಕರೆ ರಾಗಿ ಹೊಲ ಅದೇ ಕಾಂಪೌಂಡಿನ ಒಳಗಿತ್ತು. ಚಿಕ್ಕಂದಿನಲ್ಲಿ ಅವನೂ ಅಲ್ಲಿ ಕಳೆ ಕಿತ್ತಿದ್ದ.